ಕೊಡದೆ ಉಳಿದ ಬಳ್ಳಿ

ನರ್ಸಮ್ಮ ಆಸ್ಪತ್ರೆಯ ಹಿತ್ತಲಲ್ಲಿ ಕಿತ್ತಳೆ ಬಣ್ಣದ ಗೆಣಸು ಬೆಳೆಯಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಮಕ್ಕಳ ಕಣ್ಣಿಗೆ ಬೇಕಾದ ಸತ್ವ ಅದರಲ್ಲಿದೆ ಎಂದು ಮನೆಮನೆಗೂ ಹೇಳಿ, ಬಳ್ಳಿಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಯ್ದು ತಾನೇ ನೆಟ್ಟುಕೊಡುತ್ತಿದ್ದಳು.

"ನಮ್ಮ ನರ್ಸಮ್ಮನಿಗೆ ಜ್ವರಕ್ಕೂ ಗೆಣಸೇ, ಗಾಯಕ್ಕೂ ಗೆಣಸೇ!" ಎಂದು ಕಾಂಪೌಂಡರ್ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಬಟ್ಟೆ ಹೊಲಿಯುವ ಟೈಲರಮ್ಮನ ಬೀದಿ ಬಂದರೆ ಮಾತ್ರ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು.

ಐದು ವರ್ಷದ ಹಿಂದೆ ಟೈಲರಮ್ಮ ಮಗಳನ್ನು ಕರೆತಂದಿದ್ದಳು. "ಸಂಜೆಯಾದ್ರೆ ಮಗು ತಡವರಿಸ್ತಾಳೆ ನರ್ಸಮ್ಮ. ತಟ್ಟೆ ಎದುರಿಗೇ ಇದ್ರೂ ಕೈಯಾಡಿಸಿ ಹುಡುಕ್ತಾಳೆ."

ಅಂದು ರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಮಗುವಿನ ಮುಖ ಕೂಡ ಸರಿಯಾಗಿ ನೋಡದೆ, "ಆಟದ ಅವಸರ ಅಷ್ಟೇ, ಸರಿಹೋಗ್ತಾಳೆ" ಎಂದು ನರ್ಸಮ್ಮ ಸಾಗಹಾಕಿದಳು. ಮರುತಿಂಗಳು ದಡಾರ ಬಂತು. ಜ್ವರ ಇಳಿಯುವಷ್ಟರಲ್ಲಿ ಎರಡೂ ಕಣ್ಣಿಗೆ ಹೂ ಬಿದ್ದು ದೃಷ್ಟಿ ಹೋಗಿತ್ತು.

ಅಂದಿನಿಂದ ನರ್ಸಮ್ಮನಿಗೆ ಆ ಮಗುವಿನ ಕೈ ಕಾಣತೊಡಗಿತು. ಮಾತ್ರೆ ಕಟ್ಟುವಾಗ ಮೇಜಿನ ಅಂಚಿನಲ್ಲಿ ಐದು ಪುಟ್ಟ ಬೆರಳುಗಳು ಏನನ್ನೋ ತಡಕುತ್ತಾ ಬರುತ್ತಿದ್ದವು. ತಲೆಯೆತ್ತಿದರೆ ಯಾರೂ ಇಲ್ಲ. ಸಂಜೆ ಪಾತಿಗೆ ನೀರು ಹಾಯಿಸುವಾಗ ಗಾಳಿಯಿಲ್ಲದೆ ಎಲೆ ಅಲುಗಿದಂತಾಗಿ, "ಇಲ್ಲೇ ಇದೀನಮ್ಮ" ಎಂದುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಟೈಲರಮ್ಮನೇ ಹಿತ್ತಲಿಗೆ ಬಂದು ನಿಂತಳು. ಸೊಂಟದಲ್ಲಿ ಎರಡು ವರ್ಷದ ಕೂಸು. ಸೆರಗು ಹಿಡಿದುಕೊಂಡು ಹಿರಿಮಗಳು.

"ಎಲ್ಲರ ಮನೆಗೂ ಬಳ್ಳಿ ಕೊಟ್ರಿ. ನಮ್ಮನೆಗ್ಯಾಕೆ ಬರಲಿಲ್ಲ?"

ನರ್ಸಮ್ಮ ಕೈಯಲ್ಲಿದ್ದ ನೀರಿನ ಕೊಡ ಕೆಳಗಿಟ್ಟಳು. "ಅವತ್ತು ನಾನು ಮಗೂನ ನೋಡ್ಲೇ ಇಲ್ಲ. ನೋಡಿದ್ರೆ ಗೊತ್ತಾಗ್ತಿತ್ತು. ಔಷಧಿ ಕಪಾಟಲ್ಲೇ ಇತ್ತು."

ಟೈಲರಮ್ಮ ಕೂಸನ್ನು ಸೊಂಟದ ಇನ್ನೊಂದು ಬದಿಗೆ ಸರಿಸಿಕೊಂಡಳು.

"ಗೊತ್ತು. ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ರು. ನಿಮ್ಮ ಬಾಯಿಂದಾನೇ ಬರ್ಲಿ ಅಂತ ಕಾದೆ." ಅವಳ ದನಿ ಮೆತ್ತಗಾಗಲಿಲ್ಲ. "ಕ್ಷಮಿಸೋಕೆ ಬಂದಿಲ್ಲ ನಾನು. ಚಿಕ್ಕವಳಿಗೆ ಬಳ್ಳಿ ಬೇಕು, ಅದಕ್ಕೆ ಬಂದೆ."

ನರ್ಸಮ್ಮ ಬಳ್ಳಿ ಕತ್ತರಿಸಿ ಹೊತ್ತುಕೊಂಡು ಅವರ ಹಿಂದೆಯೇ ನಡೆದಳು. ಹೊಲಿಗೆ ಕೋಣೆಯ ಹಿಂದೆ ಎರಡು ಪಾತಿ ಮಾಡಿ ನೆಟ್ಟಳು.

ನಾಲ್ಕು ತಿಂಗಳಿಗೆ ಗೆಣಸು ಬಂತು. ಚಿಕ್ಕವಳು ಬೇಯಿಸಿದ್ದನ್ನು ಮೂಗಿಗೆಲ್ಲ ಮೆತ್ತಿಕೊಂಡು ತಿಂದಳು. ನರ್ಸಮ್ಮ ವಾರಕ್ಕೊಮ್ಮೆ ಹೋಗಿ ಅವಳ ರೆಪ್ಪೆ ಬಿಡಿಸಿ ನೋಡುತ್ತಿದ್ದಳು; ಕಣ್ಣು ತಿಳಿಯಾಗಿಯೇ ಇರುತ್ತಿತ್ತು. ಟೈಲರಮ್ಮ ಮಾತಾಡುತ್ತಿರಲಿಲ್ಲ. ಕಾಲಿನಿಂದ ಮಣೆಯೊಂದನ್ನು ನರ್ಸಮ್ಮನ ಕಡೆ ಸರಿಸಿ, ಹೊಲಿಗೆ ಮುಂದುವರಿಸುತ್ತಿದ್ದಳು.