ಸೊನ್ನೆ ನಂಬರಿನ ಇಂಜಿನ್

ಕ್ಲಬ್ಬಿನಲ್ಲಿ ಅವರಿಗೆ ಸ್ಕೇಲ್ ಮಾಸ್ತರು ಎಂದೇ ಹೆಸರು. ಮೂವತ್ತು ವರ್ಷ ಶಾಲೆಯಲ್ಲಿ ರೇಖಾಗಣಿತ ಕಲಿಸಿದ್ದಕ್ಕೂ, ಯಾರಾದರೂ ಆಟಿಕೆ ರೈಲು ಎಂದರೆ "ಆಟಿಕೆ ಅಲ್ಲ ಕಣ್ರೀ, ಸ್ಕೇಲ್ ಮಾಡೆಲ್ಲು" ಎಂದು ಮೈಮೇಲೆ ಬರುತ್ತಿದ್ದುದಕ್ಕೂ ಆ ಒಂದೇ ಹೆಸರು ಸಾಕಾಗಿತ್ತು. ಒಂದು ಟಿಕೆಟ್ಟಿನಲ್ಲಿ ಎರಡು ಪ್ರಯಾಣ.

ಆ ಭಾನುವಾರ ಹೊಸ ರೈಲು ಲೇಔಟಿನ ಮೊದಲ ಪ್ರದರ್ಶನ. ಗೋದಾಮಿನ ಮೇಲಿನ ಉದ್ದನೆಯ ಕೋಣೆ. ಸೊಂಟದೆತ್ತರದ ಮೇಜಿನ ಮೇಲೆ ಹಳಿ, ಗುಡ್ಡ, ಸೇತುವೆ, ಬೆರಳುದ್ದದ ಜನ. ಎಲ್ಲ ಕಂಪ್ಯೂಟರ್ ಕಾಲದ್ದು. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಚಿಪ್, ಪ್ರತಿ ಚಿಪ್ಪಿಗೂ ಒಂದು ನಂಬರು. ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟು. ತನ್ನ ನಂಬರು ಕರೆದರೆ ಮಾತ್ರ ಇಂಜಿನ್ನು ಅಲುಗುತ್ತದೆ.

ಮಾಸ್ತರರ ಇಂಜಿನ್ನಿಗೆ ಚಿಪ್ ಇರಲಿಲ್ಲ. ನಲವತ್ತೆರಡು ವರ್ಷದ ಹಿತ್ತಾಳೆಯ ಜೀವ. ಮೈಯನ್ನು ಅರ ಹಾಕಿ ಮಾಡಿದವರು ಮಾಸ್ತರು. ಮೋಟರಿಗೆ ಕೂದಲಿಗಿಂತ ತೆಳ್ಳಗಿನ ತಂತಿ ಸುತ್ತಿದವಳು ಅವರ ಹೆಂಡತಿ. "ನಿಮ್ಮ ಕೈ ನಡುಗತ್ತೆ, ಇಲ್ಲಿ ಕೊಡಿ" ಎಂದು ಕಸಿದುಕೊಂಡು ಸುತ್ತಿದ್ದಳು, ಮುನ್ನೂರು ಸುತ್ತು. ಅವಳು ಹೋಗಿ ಆರು ವರ್ಷವಾಗಿತ್ತು. ಇವತ್ತು ಈ ಇಂಜಿನ್ನು ನಿಲ್ಲದೆ ಹತ್ತು ಸುತ್ತು ಓಡಿದರೆ ವೇಳಾಪಟ್ಟಿಯಲ್ಲಿ ಜಾಗ. ಇಲ್ಲವಾದರೆ ಗಾಜಿನ ಬೀರು. ಸಿಗ್ನಲ್ಲಿನಲ್ಲಿ ನಿಂತದ್ದು ನಿಂತದ್ದಲ್ಲ ಎಂದು ಕಮಿಟಿ ದೊಡ್ಡ ಮನಸ್ಸಿನಿಂದ ಸೇರಿಸಿತ್ತು.

ಗಾಡಿ, ಸಿಗ್ನಲ್ಲು ಎರಡನ್ನೂ ಆಳುವ ಕಂಟ್ರೋಲರ್ ಹಿಡಿದವನು ಕಂಪೌಂಡರ್. ಪೇಟೆಯಲ್ಲಿ ಡಾಕ್ಟರರ ಬಳಿ ಔಷಧಿ ಕಟ್ಟಿಕೊಡುವವನು, ಈಗ ಕ್ಲಬ್ಬಿನ ಕಾರ್ಯದರ್ಶಿ.

"ಚಿಪ್ ಇಲ್ಲದವರಿಗೆ ಒಂದೇ ನಂಬರು, ಸೊನ್ನೆ. ತಪ್ಪು ತಿಳ್ಕೋಬೇಡಿ ಮಾಸ್ತರೆ, ನಿಮಗಲ್ಲ, ಇಂಜಿನ್ನಿಗೆ" ಎಂದ ಅವನು.

"ನಾನು ಕೊಟ್ಟಿರೋ ಸೊನ್ನೆಗಳು ನಿನಗೆ ಗೊತ್ತಿಲ್ಲ. ಓಡಿಸಯ್ಯ."

ಓಡಿತು. ಮೊದಲ ಸುತ್ತು, ಎರಡನೆಯದು, ಐದನೆಯದು. ಹೊಸ ಇಂಜಿನ್ನುಗಳು ಹೊಟ್ಟೆಯೊಳಗಿನ ಸ್ಪೀಕರಿನಿಂದ ಕೂಗುತ್ತಿದ್ದರೆ ಮಾಸ್ತರರದ್ದು ಹೊಲಿಗೆ ಮಿಷನ್ನಿನಂತೆ ಕಟಕಟ ಎನ್ನುತ್ತಿತ್ತು. ಎಂಟನೆಯ ಸುತ್ತಿಗೆ ಸ್ಟೇಷನ್ನಿನ ಮುಂದೆ ಸಿಗ್ನಲ್ಲು ಕೆಂಪಾಯಿತು. ಸೊನ್ನೆ ನಂಬರು ನಿಂತಿತು.

"ಎಕ್ಸ್‌ಪ್ರೆಸ್ ಹೋಗ್ಲಿ" ಎಂದ ಕಂಪೌಂಡರ್.

ನಿಂತ ಇಂಜಿನ್ನು ಝುಂಯ್ ಎಂದು ಹಾಡತೊಡಗಿತು. ಮಾಸ್ತರು ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ, "ಕೇಳಿದ್ರಾ ತಾಯಿ? ಈ ವಯಸ್ಸಿಗೂ ಕಂಠ ಹೋಗಿಲ್ಲ" ಎಂದರು. ಅವರ ಕಾಲದಲ್ಲಿ ನಿಂತ ಇಂಜಿನ್ನು ಎಂದರೆ ದಣಿವಾರಿಸಿಕೊಳ್ಳುವ ಇಂಜಿನ್ನು. ಕರೆಂಟನ್ನು ನಿಲ್ಲಿಸಿದರಷ್ಟೇ ಅದು ನಿಲ್ಲುತ್ತಿದ್ದುದು. ಇಲ್ಲಿ ನಿಂತ ಮೇಲೂ ಕರೆಂಟು ಮೋಟರನ್ನು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಲೇ ಇರುತ್ತದೆ, ತಂತಿ ಒಳಗೊಳಗೇ ಕಾಯುತ್ತದೆ ಎಂಬುದು ಹೊಸ ಯಂತ್ರದ ಕೈಪಿಡಿಯ ಹನ್ನೊಂದನೆಯ ಪುಟದಲ್ಲಿತ್ತು. "ನಾನೇ ಕೈಪಿಡಿ" ಎಂದು ಮಾಸ್ತರು ಅದನ್ನು ತೆರೆದಿರಲಿಲ್ಲ. ಕಂಪೌಂಡರ್ ಎರಡು ಸಲ ಓದಿದ್ದ.

ಎಕ್ಸ್‌ಪ್ರೆಸ್ ಹೋಯಿತು. ಹಿಂದೆಯೇ ಗೂಡ್ಸ್ ಬಂತು. ಆಮೇಲೆ ಮತ್ತೆ ಎಕ್ಸ್‌ಪ್ರೆಸ್. ಸಿಗ್ನಲ್ಲು ಕೆಂಪಗೇ ಇತ್ತು.

ಮೊದಲು ಬಂದದ್ದು ವಾಸನೆ. ತಂತಿಯ ಮೇಲಿನ ಅರಗು ಸುಟ್ಟದ್ದು. ಮಾಸ್ತರರ ಮುಖ ಬಾಡಿತು.

"ಕಂಪೌಂಡರ್, ಕರೆಂಟ್ ತೆಗಿ."

"ಹೇಗೆ ತೆಗೀಲಿ? ಆರು ಗಾಡಿ ಓಡ್ತಿವೆ, ಜನ ನೋಡ್ತಿದಾರೆ."

"ಹಾಗಾದ್ರೆ ಎತ್ಕೋತೀನಿ."

ಕಂಪೌಂಡರ್ ತಲೆ ಎತ್ತಲಿಲ್ಲ. ಮೂಗಿನ ತುದಿಗೆ ಇಲ್ಲದ ಕನ್ನಡಕ ಇಳಿಸಿ, ದನಿಯನ್ನು ಗಂಟಲಿನ ತಳಕ್ಕೆ ಕಳಿಸಿ, ಥೇಟ್ ಮಾಸ್ತರರ ತರಗತಿಯ ರಾಗದಲ್ಲಿ ಎಂದ: "ಗಾಡಿ ಹಳಿ ಮೇಲಿರುವಾಗ ಕೈ ಹಾಕುವಂತಿಲ್ಲಪ್ಪಾ. ಹಾಕಿದವನು ಒಂದು ವರ್ಷ ಹೊರಗೆ. ನಿಯಮ ಅಂದ್ರೆ ಸರಳರೇಖೆ, ಬಗ್ಗಿಸಿದ್ರೆ ಅದು ರೇಖೆ ಅಲ್ಲ, ಹುಳ."

ಹಳೆಯ ಸದಸ್ಯರು ಗೊಳ್ಳೆಂದರು. ಮಾತಿನ ಕೊನೆಯ ಕೆಮ್ಮು ಕೂಡ ಮಾಸ್ತರರದೇ ಆಗಿತ್ತು. ನಿಯಮ ಬರೆದವರು ಮಾಸ್ತರೇ. ಹನ್ನೊಂದು ವರ್ಷದ ಹಿಂದೆ ಕಂಪೌಂಡರನ ಇಂಜಿನ್ನು ಸೇತುವೆಯಿಂದ ಜಾರಿದಾಗ ಅವನು ಕೈ ಚಾಚಿ ಹಿಡಿದಿದ್ದ. ಈ ಮಾತುಗಳನ್ನೇ ಹೇಳಿ ಮಾಸ್ತರು ಅವನನ್ನು ವರ್ಷಪೂರ್ತಿ ಹೊರಗಿಟ್ಟಿದ್ದರು. ಪ್ರತಿ ಭಾನುವಾರ ಅವನು ಎದುರಿನ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಈ ಕಿಟಕಿಯನ್ನೇ ನೋಡುತ್ತಿದ್ದ. ಅವನಿಗೆ ಅಯ್ಯೋ ಪಾಪ ಅನ್ನಿ ಎಂದು ಹೆಂಡತಿ ಹೇಳಿದಾಗ ಮಾಸ್ತರು "ಇಂಜಿನ್ನು ಬಿದ್ದಿದ್ರೆ ಬೀಳ್ತಿತ್ತು" ಎಂದಿದ್ದರು.

ಒಂದು ವರ್ಷ. ಮಾಸ್ತರಿಗೆ ಎಪ್ಪತ್ತೆಂಟು. ಮನೆಯಲ್ಲಿ ಭಾನುವಾರ ಎಂಬ ದಿನಕ್ಕೆ ಬೇರೆ ಉಪಯೋಗವಿರಲಿಲ್ಲ. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದನ್ನೊಂದು ಗಟ್ಟಿಯಾಗಿ ಹಿಡಿದು ನಿಂತರು. ಲೆಕ್ಕ ಹಾಕುವವರಿಗೆ ಇದೇ ರೋಗ. ಉತ್ತರ ಬರುವವರೆಗೆ ಅಲುಗುವುದಿಲ್ಲ.

ಚಿಮಣಿಯಿಂದ ನೂಲಿನಷ್ಟು ಹೊಗೆ ಎದ್ದಿತು.

"ಅಯ್ಯೋ ಚೆನ್ನಾಗಿದೆ, ಇದಕ್ಕೆ ಹೊಗೆನೂ ಬರತ್ತೆ ನೋಡ್ರೀ" ಎಂದು ಆ ಹೆಂಗಸು ಗಂಡನ ತೋಳು ಜಗ್ಗಿದಳು. ಅವನು ಚಪ್ಪಾಳೆ ತಟ್ಟಿದ. ಸುತ್ತಲಿನವರೂ ತಟ್ಟಿದರು.

"ಹಳೇ ಮಾಡೆಲ್ಲು ಮೇಡಂ. ಎಲ್ಲಾ ಒರಿಜಿನಲ್" ಎಂದ ಕಂಪೌಂಡರ್.

ಚಪ್ಪಾಳೆಯ ನಡುವೆ ಮಾಸ್ತರು ಕೈ ಹಾಕಿದರು. ಹಿತ್ತಾಳೆ ಕಾದ ಹೆಂಚಿನಂತಿತ್ತು. ಬಿಡಲಿಲ್ಲ. ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ಚಕ್ರ ತಿರುಗಿಸಿ ನೋಡಿದರು. ಒಳಗೆ ತಂತಿ ಸುಟ್ಟು ಅಂಟಿಕೊಂಡಿತ್ತು. ಚಕ್ರ ತಿರುಗಲಿಲ್ಲ. ಝೇಂಕಾರ ಅವರು ಎತ್ತುವ ಮೊದಲೇ ನಿಂತಿತ್ತು, ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಕಂಪೌಂಡರ್ ಕಂಟ್ರೋಲರನ್ನು ಪಕ್ಕದವನಿಗೆ ಕೊಟ್ಟು, ರಿಜಿಸ್ಟರ್ ತೆರೆದು ಮಾಸ್ತರರ ಹೆಸರಿನ ಮುಂದೆ ತಾರೀಖು ಬರೆದ. ಆಮೇಲೆ ತನ್ನ ಚೀಲದಿಂದ ಮುಲಾಮು ತೆಗೆದ.

"ಕೈ ಕೊಡಿ ಮಾಸ್ತರೆ. ಇಂಜಿನ್ ಆ ಕಡೆ ಇಡಿ, ಗುಳ್ಳೆ ಏಳತ್ತೆ."

ನಾಲ್ಕು ಬೆರಳಿಗೂ ಬಲು ಹಗುರವಾಗಿ ಹಚ್ಚಿದ, ಊದಿದ, ಬಟ್ಟೆ ಸುತ್ತಿದ. ಸುತ್ತುವ ಕೈ ಒಂದಿಷ್ಟೂ ನಡುಗಲಿಲ್ಲ. ಗಂಟು ಹಾಕಿ ಮುಗಿಸಿ, ಸ್ವಂತ ದನಿಯಲ್ಲೇ, ಮೆಲ್ಲಗೆ ಹೇಳಿದ:

"ಎದುರಿಗಿನ ಸೈಕಲ್ ಅಂಗಡಿಯವನಿಗೆ ಹೇಳಿರ್ತೀನಿ. ಎರಡನೇ ಮೆಟ್ಟಿಲಿಂದ ಸೇತುವೆ ಚೆನ್ನಾಗಿ ಕಾಣತ್ತೆ."