ಎದುರು ಬಾಗಿಲ ಮೇಲಿನ ಕನ್ನಡಿ

ಎದುರು ಮನೆಗೆ ಬಾಡಿಗೆಗೆ ಬಂದ ವಿದೇಶಿ ಹುಡುಗಿ ಚಳಿಗಾಲದಲ್ಲೂ ತಣ್ಣೀರನ್ನೇ ಗಟಗಟ ಕುಡಿಯುತ್ತಾಳೆ ಎಂದು ಗೊತ್ತಾದ ದಿನವೇ ನನಗೆ ಅನುಮಾನ ಹತ್ತಿತ್ತು. ನಮ್ಮ ಚಾಂಗ್ಷಾ ನಗರದ ಚಳಿ ಮೂಳೆಯೊಳಗೆ ಇಳಿಯುವಂಥದ್ದು. ಸರಿಯಾದ ಮನುಷ್ಯರು ಬಿಸಿನೀರಿನ ಫ್ಲಾಸ್ಕನ್ನು ಬಗಲಲ್ಲಿಟ್ಟುಕೊಂಡೇ ಓಡಾಡುತ್ತಾರೆ.

ಅವಳ ಹೆಸರು ಯೊಲಾಂಡಾ. ಊರು ಪೆರು ದೇಶದಲ್ಲಿ. ಇಲ್ಲಿ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸುತ್ತಾಳಂತೆ. ನಾನೇನು ಹೋಗಿ ನೋಡಿಲ್ಲ, ಅದಕ್ಕೇ ‘ಅಂತೆ’ ಎಂದೆ. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ಬರುತ್ತಾಳೆ, ಮೆಟ್ಟಿಲಲ್ಲಿ ಕಂಡಕಂಡವರಿಗೆಲ್ಲ ಹಲ್ಲು ಕಿರಿಯುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಐದನೇ ಮಹಡಿಗೆ ಓಡೋಡಿ ಹತ್ತುತ್ತಾಳೆ.

“ಯಾವ ಮೇಡಮ್ಮು ಸೈಕಲ್ ಹೊತ್ಕೊಂಡು ಮಹಡಿ ಹತ್ತುತ್ತಾಳೆ ಹೇಳು? ಏನೋ ಬಚ್ಚಿಡ್ತಿದ್ದಾಳೆ ಕಣೆ ಸುಯುನ್,” ಎಂದಳು ಕೆಳಗಿನ ಮನೆಯ ಔಯಾಂಗ್ ಅಕ್ಕ.

“ಸೈಕಲ್ಲಲ್ಲಿ ಏನು ಬಚ್ಚಿಡೋಕಾಗುತ್ತಕ್ಕಾ?”

“ನಾನೂ ಅದನ್ನೇ ಯೋಚಿಸ್ತಿರೋದು!”

ಅವಳು ಏನು ಬೇಕಾದರೂ ಬಚ್ಚಿಟ್ಟುಕೊಳ್ಳಲಿ, ನನಗಿದ್ದದ್ದು ನನ್ನ ಮುದುಕನ ಚಿಂತೆ. ನನ್ನ ಗಂಡ ಪೆಂಗ್ ಜೀವಮಾನವಿಡೀ ಬೆಟ್ಟದ ದಾರಿಗಳಲ್ಲಿ ಬಸ್ಸು ಓಡಿಸಿದವನು. ಹೋದ ಬೇಸಿಗೆಯಲ್ಲಿ ಲಕ್ವ ಹೊಡೆದು ಎಡಗಾಲು ಜೋತುಬಿತ್ತು, ಮಾತು ನಿಂತೇಹೋಯಿತು. ದಿನಾ ಸಂಜೆ ಮೆಟ್ಟಿಲು ಹತ್ತಿ ಇಳಿಯಬೇಕು, ಆದರೆ ಬೀಳಲೇಬಾರದು, ಬಿದ್ದರೆ ಮತ್ತೆ ಏಳುವ ಆಸೆ ಬಿಡಿ ಎಂದಿದ್ದರು ಡಾಕ್ಟರು. ಅವನು ಕೋಲೂರಿಕೊಂಡು ಹೊಸಿಲು ದಾಟುವಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಜೊತೆಗೆ ಹೋಗೋಣವೆಂದರೆ ಕೋಲೆತ್ತಿ ಹೆದರಿಸುತ್ತಿದ್ದ.

ಹುಡುಗಿ ಬಂದ ಹೊಸತು. ಒಂದು ಸಂಜೆ ಸೈಕಲ್ ಹೊತ್ತು ನುಗ್ಗಿ ಬಂದವಳು, ಬಾಗಿಲಿಂದ ಹೊರಬಂದ ಮುದುಕನಿಗೆ ಇನ್ನೇನು ಗುದ್ದಿಬಿಡುತ್ತಿದ್ದಳು. ಕೆಳಗಿನಿಂದ ಬರುವವರಿಗೆ ಗೋಡೆ ಅಡ್ಡವಾಗಿ ನಮ್ಮ ಬಾಗಿಲು ಕಾಣುವುದಿಲ್ಲ. ನಾನು ಕಟ್ಟಡವೇ ಅದುರುವಂತೆ ಬೈದೆ. ಅವಳು ಬಿಳಿಚಿಕೊಂಡು ನಿಂತಳು.

ಅದಾದ ಮೇಲೆ ಅವಳ ಬಾಗಿಲ ನೆತ್ತಿಯಲ್ಲಿ ಕನ್ನಡಿ ಬಂತು. ಎಂಟು ಮೂಲೆಯ ಕಟ್ಟಿನ, ಉಬ್ಬು ಗಾಜಿನ ಕನ್ನಡಿ. ಮನೆಗೆ ಬರುವ ಕೇಡನ್ನು ಹಿಂದಕ್ಕೆ ಅಟ್ಟಲು ನಮ್ಮವರು ಹಾಕುವುದು ಅದನ್ನೇ. ಅಟ್ಟಿದ ಕೇಡು ನೇರವಾಗಿ ಎದುರಿಗಿದ್ದವರ ಮೇಲೆ ಬೀಳುತ್ತದೆ. ಅದಕ್ಕೇ ಮಾನ ಮರ್ಯಾದೆ ಇದ್ದವರು ಇನ್ನೊಬ್ಬರ ಬಾಗಿಲಿಗೆ ಎದುರಾಗಿ ಅದನ್ನು ತೂಗುಹಾಕುವುದಿಲ್ಲ. ಬೈದದ್ದಕ್ಕೆ ಸೇಡು! ನನಗೆ ಮೈಯೆಲ್ಲ ಉರಿಯಿತು.

ನಾನೇನು ಕಡಿಮೆಯೇ? ಅದಕ್ಕಿಂತ ದೊಡ್ಡದನ್ನು ತಂದು ನಮ್ಮ ಬಾಗಿಲಿಗೆ ಬಡಿದೆ. ಆ ಹುಡುಗಿ ಹೊರಬಂದು, ಎರಡೂ ಕನ್ನಡಿಗಳನ್ನು ನೋಡಿ, ಖುಷಿಯಿಂದ ನನಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಎಂಥ ಗಟ್ಟಿ ಪಿಂಡ ಇದು ಎಂದುಕೊಂಡೆ.

ಆ ವಾರ ಮುದುಕ ಗಂಜಿಯ ಬಟ್ಟಲು ಕೆಡವಿದ. ಕೆಮ್ಮು ಹಿಡಿಯಿತು. ಸಾಲದ್ದಕ್ಕೆ, ಒಂದು ಸಂಜೆ ಅವನು ಹೊಸಿಲಲ್ಲಿ ನಿಂತು ಎದುರಿನ ಕನ್ನಡಿಯತ್ತ ನೋಡುತ್ತಾ ಬಲಗೈ ಎತ್ತಿ ಆಡಿಸುತ್ತಿದ್ದ. ಮೆಟ್ಟಿಲ ಮೇಲೆ ಯಾರೂ ನನಗೆ ಕಾಣಲಿಲ್ಲ. ಗಾಜು ಅವನನ್ನು ಕರೆಯುತ್ತಿದೆ, ಇವನು ಹೊರಟೇಬಿಡುತ್ತಾನೆ ಎನಿಸಿತು.

ಔಯಾಂಗ್ ಅಕ್ಕನನ್ನು ಕರೆದುಕೊಂಡು ಹೋಗಿ ಹುಡುಗಿಯ ಬಾಗಿಲು ಬಡಿದೆ.

“ನನ್ನ ಗಂಡನ್ನ ಸಾಯಿಸ್ಬೇಕು ಅಂತ ಬಂದಿದ್ದೀಯೇನೇ? ತೆಗಿ ಅದನ್ನ!”

“ತೆಗಿಯಮ್ಮ, ತೆಗಿ! ಇಲ್ದಿದ್ರೆ ಮನೆ ಓನರಿಗೆ ಹೇಳ್ತೀವಿ!” ಎಂದಳು ಅಕ್ಕ.

ಹುಡುಗಿ ತನ್ನ ಫೋನನ್ನು ನಮ್ಮ ಬಾಯಿಗೆ ಹಿಡಿದಳು. ನಮ್ಮ ಮಾತನ್ನು ಅವಳ ಭಾಷೆಗೆ, ಅವಳದನ್ನು ನಮ್ಮದಕ್ಕೆ ಬದಲಿಸಿ ಹೇಳುವ ಫೋನು ಅದು. ನಮ್ಮ ಚಾಂಗ್ಷಾದ ಬೈಗುಳ ಅದಕ್ಕೆ ಅರ್ಥವಾಗದೆ ಸುಮ್ಮನಾಯಿತು. ಆದರೆ ಬೆರಳು ತೋರಿಸಿದ್ದು ಅವಳಿಗೆ ಅರ್ಥವಾಯಿತು. ಸ್ಟೂಲು ತಂದು ಕನ್ನಡಿ ಬಿಚ್ಚಿ ಕೊಟ್ಟಳು. ಅಕ್ಕ ಅದನ್ನು ಒಯ್ದು ಕಸದ ಡಬ್ಬಿಗೆ ಎಸೆದಳು. ಒಳಗಿದ್ದ ಮುದುಕ ಕೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಮಾತಾಗದ ದನಿಯಲ್ಲಿ ಕೂಗಾಡಿದ. ಮಾಟ ಬಿಡುವಾಗ ಹೀಗೇ ಆಗುತ್ತದೆ ಎಂದು ಅಕ್ಕ ಸಮಾಧಾನ ಹೇಳಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಸಂಜೆ ಮುದುಕ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕೆಳಗಿಂದ ಸೈಕಲ್ ಬೆಲ್ಲು ಕೇಳಿಸಿತು. ಹಿಂದೆಯೇ ಕೋಲು ಕುಟ್ಟಿದ ಸದ್ದು. ಅದರ ಮಾರನೆಯ ದಿನವೂ ಹಾಗೆಯೇ. ಒಬ್ಬಳು ಬಾರಿಸುವುದು, ಇನ್ನೊಬ್ಬ ಕುಟ್ಟುವುದು! ಇದೇನು ಸನ್ನೆ, ಇದೇನು ಸಂಚು?

ಕಂಡುಹಿಡಿದೇ ತೀರುತ್ತೇನೆಂದು, ತೋಫು ತರುತ್ತೇನೆ ಎಂದು ಸುಳ್ಳು ಹೇಳಿ, ಮೇಲಿನ ಮಹಡಿಯ ಮೆಟ್ಟಿಲಲ್ಲಿ ಅಡಗಿ ಕುಳಿತು ಬಗ್ಗಿ ನೋಡಿದೆ.

ಮುದುಕ ಹೊರಬಂದ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ. ಕೆಳಗಿಂದ ಬೆಲ್ಲು ಕೇಳಿಸಿತು. ಅವನು ಕೋಲು ಕುಟ್ಟಿದ. ಕೆಳಗಿನ ತಿರುವಿನಲ್ಲಿ ಹುಡುಗಿ ನಿಂತುಬಿಟ್ಟಳು. ಅಷ್ಟು ಭಾರದ ಸೈಕಲ್ಲನ್ನು ಹೆಗಲಿಂದ ಇಳಿಸದೆ, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಅವನು ಎಳೆದ ಕಾಲಿನಲ್ಲಿ ದಾಟಿ ಹೋಗುವವರೆಗೆ ಅಲ್ಲಾಡದೆ ನಿಂತಳು. ಅವನು ಬಲಗೈ ಎತ್ತಿ ಆಡಿಸಿದ. ಕನ್ನಡಿಯ ಮುಂದೆ ಆಡಿಸಿದ್ದನಲ್ಲ, ಥೇಟು ಹಾಗೆಯೇ.

ದಡದಡ ಇಳಿದು ಹೋದೆ. “ಏನಿದು?” ಎಂದೆ, ಈ ಸಲ ಫೋನಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ.

ಹುಡುಗಿ ಹೆದರಿ ಫೋನಿಗೆ ಏನೋ ಉಸುರಿದಳು. ಅದು ವಾರ್ತೆ ಓದುವವರ ಗತ್ತಿನಲ್ಲಿ ಹೇಳಿತು: “ಕೆಳಗೆ ಇಟ್ಟ ನನ್ನ ಮೊದಲ ಸೈಕಲ್ ಕಳುವಾಯಿತು. ಆದ್ದರಿಂದ ಹೊರುತ್ತೇನೆ. ಅಜ್ಜನಿಗೆ ಪೆಟ್ಟಾಗಬಾರದು. ಹಿಂದೆ ಅಜ್ಜ ಬರುವುದನ್ನು ಕನ್ನಡಿಯಲ್ಲಿ ನೋಡುತ್ತಿದ್ದೆ. ಈಗ ಕನ್ನಡಿ ಇಲ್ಲ. ಆದ್ದರಿಂದ ಬೆಲ್ಲು ಬಾರಿಸುತ್ತೇನೆ. ಕ್ಷಮಿಸಿ.”

ಮುದುಕ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಬಲಗೈಯಲ್ಲಿ ಗಾಳಿಯ ಮೇಲೆ ಒಂದು ಗುಂಡು ಆಕಾರ ಬರೆದ. ಬಾಯಿ ಸೊಟ್ಟ ಮಾಡಿ, ತಿಂಗಳುಗಟ್ಟಲೆ ಬಾರದ ಮಾತನ್ನು ಎಳೆದು ತಂದ.

“ತಿ... ತಿರುವು.”

ಬೆಟ್ಟದ ದಾರಿಯ ತಿರುವುಗಳಲ್ಲಿ ನೆಟ್ಟಿರುವ ಗುಂಡು ಕನ್ನಡಿಗಳು. ಅವುಗಳನ್ನು ನಂಬಿಕೊಂಡೇ ಅವನು ದಿನಾ ಮನೆಗೆ ಜೀವಂತ ಬರುತ್ತಿದ್ದದ್ದು. ಅವನಿಗೆ ನೋಡಿದ ಕೂಡಲೇ ತಿಳಿದಿತ್ತು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೇಲೆ ಹೋಗಿ ನಮ್ಮ ಬಾಗಿಲ ದೊಡ್ಡ ಕನ್ನಡಿಯನ್ನು ಕಿತ್ತೆ. ಹುಡುಗಿಯ ಸ್ಟೂಲು ಹತ್ತಿ, ಅವಳ ಬಾಗಿಲ ಮೇಲೆ ಮೊಳೆ ಹೊಡೆಯತೊಡಗಿದೆ. ಸದ್ದಿಗೆ ಔಯಾಂಗ್ ಅಕ್ಕ ಓಡಿಬಂದಳು.

“ಅಯ್ಯೋ ಸುಯುನ್, ತಲೆ ಕೆಟ್ಟಿದ್ಯಾ? ಕೇಡನ್ನ ನಿನ್ನ ಮನೆ ಮೇಲೇ ತಿರುಗಿಸ್ತಿದ್ದೀಯಲ್ಲೇ! ಮೊದಲೇ ಗಂಡ ಕಾಯಿಲೆ ಬಿದ್ದವನು!”

“ಅವನಿಗೋಸ್ಕರಾನೇ ಅಕ್ಕಾ. ಸುಮ್ನೆ ಸ್ಟೂಲು ಗಟ್ಟಿ ಹಿಡ್ಕೋ.”

ಮುದುಕನನ್ನು ಹೊಸಿಲಲ್ಲಿ ನಿಲ್ಲಿಸಿದೆ. ಹುಡುಗಿಯನ್ನು ತಿರುವಿಗೆ ಅಟ್ಟಿ, “ಕಾಣಿಸ್ತಾನೇನಮ್ಮಾ?” ಎಂದು ಕೂಗಿದೆ.

ಕೆಳಗಿನಿಂದ ಫೋನು ಗಂಭೀರವಾಗಿ ಉತ್ತರಿಸಿತು: “ಅಜ್ಜ ಕಾಣಿಸುತ್ತಾರೆ. ಅಜ್ಜಿಯೂ ಕಾಣಿಸುತ್ತಾರೆ. ಅಜ್ಜಿ ಅಳುತ್ತಿದ್ದಾರೆ.”

“ಆ ಫೋನಿಗೆ ಬಾಯಿ ಮುಚ್ಚೋಕೆ ಹೇಳು,” ಎಂದೆ. “ನೀನು ಮೇಲೆ ಬಾ, ಬಿಸಿನೀರು ಕಾಯಿಸ್ತೀನಿ.”