ಎರಡು ಪೆಟ್ಟಿಗೆಯ ಸೆಟ್ಟು

ನನ್ನ ಗಂಡ ಭೈರೇಶ್ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ನನಗೆ ಒಂದು ಸಲವೂ ಅಳು ಬಂದಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ನನ್ನ ಮುಖ ನೋಡಿ, ಅಲ್ಲಿ ಏನೂ ಸಿಗದೆ, ಕಾಫಿ ಕುಡಿದು ಹೋಗುತ್ತಿದ್ದರು. ಗಟ್ಟಿಗಿತ್ತಿ ಎಂದರು ಕೆಲವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಹಾಲು ಕಾಯಿಸುತ್ತಿದ್ದೆ, ಬಟ್ಟೆ ಒಣಗಿಸುತ್ತಿದ್ದೆ, ಧಾರಾವಾಹಿ ನೋಡುತ್ತಿದ್ದೆ. ಕತೆ ಏನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನಮ್ಮ ವಿಜಯನಗರದ ಮನೆಯ ಹಾಲ್‌ನಲ್ಲಿ ಅವರ ಮ್ಯೂಸಿಕ್ ಸೆಟ್ಟು ಹಾಗೇ ಇತ್ತು. ಅದಕ್ಕೆ ಎರಡು ಪೆಟ್ಟಿಗೆ. ಚಿಕ್ಕದು ಪ್ರೀಆಂಪ್, ವಾಲ್ಯೂಮ್ ಗುಂಡಿ ಇರುವುದು. ದೊಡ್ಡದು ಪವರ್ ಆಂಪ್, ಸ್ಪೀಕರಿಗೆ ಬಲ ಕೊಡುವುದು. ಅದನ್ನು ಎತ್ತಲು ಇಬ್ಬರು ಬೇಕು. ಎರಡೂ ಸೇರಿ ಒಂದೇ ಪೆಟ್ಟಿಗೆಯಾಗಿ ಬರುವ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇರುವಾಗ ಈ ರಾಮಾಯಣ ಯಾಕೆ ಎಂದು ಇಪ್ಪತ್ತೆರಡು ವರ್ಷ ಜಗಳವಾಡಿದ್ದೇನೆ. "ಒಂದು ಕೆಟ್ರೆ ಒಂದನ್ನೇ ರಿಪೇರಿಗೆ ತಗೊಂಡ್ ಹೋಗ್ಬೋದು ಕಣೇ" ಎನ್ನುತ್ತಿದ್ದರು. ಪ್ರತಿ ವರ್ಷ ದಸರಾ ಮುಗಿಯುತ್ತಿದ್ದಂತೆ ಚಿಕ್ಕದನ್ನು ಚೀಲಕ್ಕೆ ಹಾಕಿಕೊಂಡು ಹೊಸಹಳ್ಳಿಯ ಮೆಕ್ಯಾನಿಕ್ ಹತ್ತಿರ ಹೊರಡುತ್ತಿದ್ದರು.

"ಅದೇನು ಸ್ಕೂಟರಾ, ವರ್ಷಾ ವರ್ಷಾ ಸರ್ವೀಸ್ ಮಾಡ್ಸೋಕೆ?" ಎಂದು ರೇಗಿದರೆ ನಗುತ್ತಿದ್ದರು. ಆ ನಗು ನೋಡಿ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು.

ಕಳೆದ ದಸರಾದಲ್ಲಿ ಹೋಗಲಾಗಲಿಲ್ಲ. ವಿಜಯದಶಮಿಯ ಮಾರನೇ ಬೆಳಿಗ್ಗೆ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಖಾಲಿ ಚೀಲ ಪಕ್ಕದಲ್ಲೇ ಇತ್ತು.

"ಅಮ್ಮ, ಎರಡನ್ನೂ ಎಕ್ಸ್‌ಚೇಂಜ್‌ಗೆ ಹಾಕೋಣ" ಎಂದಳು ಮಗಳು ಸಿಂಚನಾ. "ರಾಜಾಜಿನಗರದ ಅಂಗಡೀಲಿ ಮಾತಾಡಿದೀನಿ. ಒಂದೇ ಬಾಕ್ಸ್, ಒಂದೇ ಬಟನ್. ನಿಂಗೂ ಈಸಿ."

ಯಾವುದನ್ನು ಮೊದಲು ಆನ್ ಮಾಡಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಸರಿ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಸರಿ ಎನ್ನುತ್ತಿದ್ದೆ. ಅವರ ಅಕ್ಕ ಪಾಪಮ್ಮ ಅತ್ತಿಗೆ ಹನ್ನೊಂದನೇ ದಿನ "ಇನ್ನು ನಿಂಗ್ಯಾಕಮ್ಮ ಇದು" ಎಂದು ದೇವರ ಮನೆಯಿಂದ ನನ್ನ ಕುಂಕುಮದ ಡಬ್ಬಿ ಎತ್ತಿಕೊಂಡು ಹೋದಾಗಲೂ ಸರಿ ಎಂದಿದ್ದೆ.

ಅಂಗಡಿಯವರು ಬಂದು ಸೆಟ್ಟು ಹಾಕಿ ನೋಡಿದರು. ಗುಂಡಿ ತಿರುಗಿಸಿದರೆ ಕರಕರ ಸದ್ದು. ರಿಪೇರಿ ಮಾಡಿಸಿಡಿ, ಶನಿವಾರ ಬಂದು ಒಯ್ಯುತ್ತೇವೆ ಎಂದರು. ಚಿಕ್ಕ ಪೆಟ್ಟಿಗೆಯನ್ನು ಅದೇ ಚೀಲಕ್ಕೆ ಹಾಕಿಕೊಂಡು ನಾನೇ ಆಟೋ ಹತ್ತಿದೆ. ಒಬ್ಬಳೇ ಎತ್ತುವಷ್ಟು ಹಗುರವಿತ್ತು. ಅಷ್ಟರಮಟ್ಟಿಗೆ ಅವರ ಮಾತು ನಿಜ.

ಮೆಕ್ಯಾನಿಕ್ ಅಂಜಿನಯ್ಯ ನನ್ನನ್ನು ನೋಡಿದ್ದಿಲ್ಲ, ಚೀಲವನ್ನು ಗುರುತು ಹಿಡಿದರು.

"ಸಾರ್ ಬರ್ಲಿಲ್ವಾ ಮೇಡಂ? ಈ ಸಲ ತುಂಬಾ ಲೇಟು."

ಹೇಳಿದೆ. ಶನಿವಾರ ಅಂಗಡಿಗೆ ಕೊಡಬೇಕು ಎಂಬುದನ್ನೂ ಹೇಳಿದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಗುಂಡಿಯನ್ನು ಮೆಲ್ಲಗೆ ಕಿತ್ತು ನನ್ನ ಕಡೆ ಹಿಡಿದರು. ಅದರ ಹಿಂದೆ, ಸಂದಿಯಲ್ಲೆಲ್ಲ, ಒಣಗಿದ ಗಂಧ ಮತ್ತು ಕುಂಕುಮ.

"ಆಯುಧಪೂಜೆದು ಮೇಡಂ. ಪ್ರತಿ ವರ್ಷ ಇದೇ. ಗಂಧದ ನೀರು ಒಳಗಿಳಿದು ಕರಕರ ಅನ್ನುತ್ತೆ."

ಹಚ್ಚುತ್ತಿದ್ದವಳು ನಾನೇ. ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಮೆಷಿನ್ನಿಗೆ ಒಂದೊಂದು ಬೊಟ್ಟು. ಅವರ ಪೆಟ್ಟಿಗೆಗೆ ಮಾತ್ರ ಗುಂಡಿಯ ಸುತ್ತ ದಪ್ಪಗೆ ಬಳಿಯುತ್ತಿದ್ದೆ, ದಿನಾ ಅವರ ಕೈ ಆಡುವ ಜಾಗವೆಂದು. ಅದನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

"ಪೆಟ್ಟಿಗೆ ಮೇಲ್ಗಡೆ ಹಚ್ಚೋಕೆ ಹೇಳಿ ಸಾರ್ ಅಂತ ನಾನೂ ಎಷ್ಟೋ ಸಲ ಅಂದೆ" ಎಂದರು ಅಂಜಿನಯ್ಯ. "ಕೇಳ್ಲಿಲ್ಲ. 'ವರ್ಷ ಪೂರ್ತಿ ಇದನ್ನ ಬೈತಾಳೆ ಕಣಯ್ಯ, ಒಂದಿನ ಮುದ್ದು ಮಾಡ್ತಾಳೆ. ಅದಕ್ಕೂ ಕಲ್ಲು ಹಾಕ್ಲಾ?' ಅಂದ್ರು. ನಿಮಗೆ ಗೊತ್ತಾಗ್ಬಾರ್ದು ಅಂತಾನೂ ಹೇಳಿದ್ರು."

ಇಪ್ಪತ್ತೆರಡು ದಸರಾ. ಅಷ್ಟೂ ಸಲ ನನ್ನ ಬೈಗುಳ ತಿಂದು, ನಕ್ಕು, ನಾನು ಮಾಡಿದ್ದನ್ನು ತೊಳೆಸಿಕೊಂಡು ಬಂದಿದ್ದರು.

ಆ ಅಂಗಡಿಯ ಸ್ಟೂಲಿನ ಮೇಲೆ ನನಗೆ ಅಳು ಬಂತು. ಜೋರಾಗಿಯೇ ಬಂತು. ಎದೆ ನೋಯುವಷ್ಟು ಅತ್ತೆ. ಅಂಜಿನಯ್ಯ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿ ಕೆಲಸಕ್ಕೆ ಕೈ ಹಾಕಿದರು. ತುಂಬ ಹೊತ್ತಿನ ಮೇಲೆ ಹತ್ತಿ ಹಿಡಿದುಕೊಂಡು ಕೇಳಿದರು: "ಮುಂದ್ಗಡೆ ಇರೋ ಕುಂಕುಮಾನೂ ಒರೆಸ್ಬಿಡ್ಲಾ? ಅಂಗಡಿಯವ್ರಿಗೆ ಕೊಡೋದಲ್ವಾ?"

"ಒಳಗಿಂದು ತೆಗೀರಿ, ಮುಂದಿಂದು ಇರ್ಲಿ. ಅಂಗಡಿಗೆ ಕೊಡಲ್ಲ" ಎಂದೆ. "ಯಾವುದನ್ನ ಮೊದ್ಲು ಆನ್ ಮಾಡ್ಬೇಕು, ಅದನ್ನ ಹೇಳ್ಕೊಡಿ."

"ಮೊದ್ಲು ಚಿಕ್ಕದು, ಆಮೇಲೆ ದೊಡ್ಡದು. ಆಫ್ ಮಾಡುವಾಗ ಉಲ್ಟಾ."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಿಂದಲೇ ಪಾಪಮ್ಮ ಅತ್ತಿಗೆಗೆ ಫೋನ್ ಮಾಡಿದೆ.

"ಅತ್ತಿಗೆ, ನನ್ನ ಕುಂಕುಮದ ಡಬ್ಬಿ ವಾಪಸ್ ತಂದುಕೊಡಿ."

"ಯಾಕಮ್ಮ? ವರ್ಷ ತುಂಬೋವರ್ಗೂ ಹಬ್ಬ ಇಲ್ವಲ್ಲ. ಬರೋ ದಸರಾನೂ ನಮಗಿಲ್ಲ."

"ಅದರ ಮುಂದಿನ ದಸರಾಕ್ಕೆ ಬೇಕು. ಈಗ್ಲೇ ತಂದಿಡಿ" ಎಂದೆ.